ಎಡಕ್ಕೆ ಎಳೆಯುವ ಚಕ್ರ

ಮದ್ದೂರಿನಿಂದ ಮಳವಳ್ಳಿಗೆ ನಾನು ಕಾರು ಓಡಿಸಿಕೊಂಡು ಹೋದರೆ ಏನೇನು ಕೆಡಬಹುದು ಎಂಬುದರ ಪಟ್ಟಿಯೊಂದನ್ನು ಲಗ್ನಪತ್ರಿಕೆಯ ಲಕೋಟೆಯ ಬೆನ್ನಿಗೆ ಬರೆದಿಟ್ಟಿದ್ದೆ. ಮನೆಯ ಗೇಟು ದಾಟುವಾಗ ಎಡಗಂಬಕ್ಕೆ ತಾಗಬಹುದು. ಅದನ್ನು ತಪ್ಪಿಸಲು ಹೋಗಿ ಬಲಗಂಬಕ್ಕೆ ತಾಗಬಹುದು. ಬೀದಿಯ ತಿರುವಿನಲ್ಲಿ ಹಸುವೊಂದು ಮಲಗಿರಬಹುದು. ಹಾರ್ನಿಗೆ ಏಳದೆ ಇರಬಹುದು. ಎದ್ದರೆ ನನ್ನ ಕಡೆಗೇ ಬರಬಹುದು. ಕಬ್ಬು ತುಂಬಿದ ಟ್ರ್ಯಾಕ್ಟರು ಎರಡೆರಡು ಟ್ರೇಲರು ಎಳೆದುಕೊಂಡು ಎದುರಾಗಬಹುದು. ಒಕ್ಕಣೆಗೆಂದು ರಸ್ತೆಯ ಮೇಲೆ ಹರವಿದ ಹುರುಳಿಯ ಸೊಪ್ಪು ಗಾಲಿಯ ಅಚ್ಚಿಗೆ ಸುತ್ತಿಕೊಳ್ಳಬಹುದು. ದಾರಿಯಲ್ಲಿ ಸಿಗುವ ದೊಡ್ಡಿ ಎಂಬ ಊರಿನ ಹತ್ತಿರ ಮುಂದಿನ ಬಸ್ಸು ಯಾರೋ ಕೈ ಎತ್ತಿದರೆಂದು ನಡುರಸ್ತೆಯಲ್ಲೇ ನಿಂತುಬಿಡಬಹುದು. ಪೊಲೀಸರು ತಡೆದು, ಲೈಸೆನ್ಸಿನ ಫೋಟೊದಲ್ಲಿರುವ ಮನುಷ್ಯ ಇಷ್ಟು ಹೆದರಿಲ್ಲವಲ್ಲ ಎಂದು ಅನುಮಾನಿಸಬಹುದು. ಟೈರು ಪಂಕ್ಚರಾಗಬಹುದು, ಸ್ಟೆಪ್ನಿಯೂ ಅದೇ ದಾರಿ ಹಿಡಿಯಬಹುದು. ಹೀಗೆ ಇಪ್ಪತ್ತೊಂದು. ಇಪ್ಪತ್ತೆರಡನೆಯದಾಗಿ, ಬಹಳ ಹೊತ್ತು ಪೆನ್ನು ಕಚ್ಚಿ ಯೋಚಿಸಿ, ‘ಮೇಲೆ ಬರೆದ ಯಾವುದೂ ಆಗದೆ ಬೇರೆ ಏನಾದರೂ ಆಗಬಹುದು’ ಎಂದು ಬರೆದು ಅಡಿಗೆರೆ ಎಳೆದಿದ್ದೆ.

ಚಿಂತೆ ನನಗೆ ವ್ಯಸನವಲ್ಲ, ವೃತ್ತಿ. ಸಂಬಳ ಮಾತ್ರ ಬೇರೊಂದು ಕಚೇರಿಯಲ್ಲಿ ಅಧೀಕ್ಷಕನಾಗಿರುವುದಕ್ಕೆ ಬರುತ್ತದೆ. ಐವತ್ತಮೂರು ವರ್ಷದ ನನ್ನ ಬಳಿ ಇಪ್ಪತ್ತೇಳು ವರ್ಷಗಳಿಂದ ಕಾರು ಓಡಿಸುವ ಲೈಸೆನ್ಸಿದೆ. ಅದರ ಅವಧಿ ಮುಗಿದುಹೋದೀತೆಂಬ ಚಿಂತೆಯಿಂದ ಕಾಲಕಾಲಕ್ಕೆ ನವೀಕರಿಸಿಯೂ ಇದ್ದೇನೆ. ಕೆಟ್ಟಿರುವುದು ಒಂದೇ, ಓಡಿಸುವುದಿಲ್ಲ. ಮದುವೆಯಾದ ಹೊಸತರಲ್ಲಿ, ಬಸರಾಳಿನ ನನ್ನ ಮಾವನವರು ಅಳಿಯನ ಪೌರುಷ ನೋಡುವ ಆಸೆಯಿಂದ ತಮ್ಮ ಕಾರಿನ ಕೀಲಿ ಕೊಟ್ಟಿದ್ದರು. ಅದನ್ನು ಕಣದಿಂದ ಹಿಂದಕ್ಕೆ ತೆಗೆಯುವ ಪ್ರಯತ್ನದಲ್ಲಿ ನಾನು ನೇರವಾಗಿ ಹುಲ್ಲಿನ ಮೆದೆಯೊಳಕ್ಕೆ ಪ್ರವೇಶಿಸಿದೆ. ಮೆದೆ ಸಾವಧಾನವಾಗಿ, ಯಾರನ್ನೂ ನೋಯಿಸದಂತೆ, ಕಾರಿನ ಮೇಲೆ ಕವುಚಿಕೊಂಡಿತು. ನನ್ನನ್ನು ಹೊರಕ್ಕೆಳೆದಾಗ ಮಾವನವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬಹುಶಃ ಮತ್ತೆ ಓಡಿಸುತ್ತಿದ್ದೆ. ಅಂದಿನಿಂದ ನನ್ನ ಸ್ಥಾನ ಪಕ್ಕದ ಸೀಟು. ಅಲ್ಲಿಯೂ ನಾನು ಸುಮ್ಮನಿರುವವನಲ್ಲ. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನಮ್ಮ ಕಾರಿನ ಎಡಭಾಗದ ಕಾಲೊರಸು ತೂತು ಬಿದ್ದಿದೆ.

ಓಡಿಸುವವಳು ನನ್ನ ಹೆಂಡತಿ ಸುಮಿತ್ರಾ. ಮಳವಳ್ಳಿಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಆಟದ ಮೇಡಮ್ಮು. ಕೊರಳಲ್ಲಿ ತಾಳಿಗಿಂತ ಎದ್ದು ಕಾಣುವುದು ಸೀಟಿಯ ದಾರ. ಅವಳು ಬೆಳೆಸಿದ ಖೋ ಖೋ ತಂಡದಲ್ಲಿ ಪೂರಿಗಾಲಿಯ ಕಡೆಯ ಹುಡುಗಿಯರೇ ಹೆಚ್ಚು; ನಾಲ್ಕು ವರ್ಷಗಳಿಂದ ತಾಲ್ಲೂಕಿನ ಪಂದ್ಯದಲ್ಲಿ ಒಂದೊಂದೇ ಅಂಕದಿಂದ ಸೋಲುತ್ತಾ ಬಂದ ಆ ತಂಡ ಈ ಸಲ ಗೆದ್ದೇ ಗೆಲ್ಲುತ್ತದೆಂದು ಅವಳ ಲೆಕ್ಕ. ಪಂದ್ಯಕ್ಕೆ ಮೂರು ವಾರವಿದೆ ಎನ್ನುವಾಗ ಅಭ್ಯಾಸದಲ್ಲಿ ಹುಡುಗಿಯರಿಗೆ ತಾನೇ ಓಡಿ ತೋರಿಸಲು ಹೋಗಿ ಬಲಗಾಲಿನ ಹರಡಿನ ಮೂಳೆ ಬಿರುಕು ಬಿಟ್ಟುಕೊಂಡಳು. ಮೊಣಕಾಲವರೆಗೆ ಪ್ಲಾಸ್ಟರು. ಡಾಕ್ಟರು ಆರು ವಾರ ಕಾಲೂರಬಾರದೆಂದರು. ಅವಳು, “ಪಂದ್ಯದ ದಿನ ಒಂದ್ ಬುಟ್ಟು,” ಎಂದಳು. ಯಾಕೆಂದರೆ ಆಟಗಾರ್ತಿಯರ ಪಟ್ಟಿಗೆ ಅಂದು ಬೆಳಗ್ಗೆ ಹತ್ತು ಗಂಟೆಯೊಳಗೆ ಆಟದ ಶಿಕ್ಷಕಿಯೇ ಮೈದಾನದಲ್ಲಿ ಸಹಿ ಹಾಕಬೇಕು. ಹಾಕದಿದ್ದರೆ ಎದುರಿನ ತಂಡ ಆಡದೆಯೇ ಗೆದ್ದಂತೆ.

ಕರೆದುಕೊಂಡು ಹೋಗುವ ಹೊಣೆಯನ್ನು ಅವಳ ತಮ್ಮ ರವಿ ಹೊತ್ತ. ಅಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಆದರೆ ಮುಗಿದ ಸಮಸ್ಯೆಯ ಮೇಲೆ ಕೂತು ಕಾವು ಕೊಡುವುದೇ ನನ್ನ ಸ್ವಭಾವವಾದ್ದರಿಂದ, ರವಿ ಬಾರದಿದ್ದರೆ ಏನು ಗತಿ ಎಂದು ಅಂದೇ ಶುರುಮಾಡಿದೆ. ಬಾಡಿಗೆ ಕಾರಿನವರನ್ನು ಕೇಳಿದರೆ ಅದು ದೊಡ್ಡ ಮುಹೂರ್ತದ ದಿನ, ಎಲ್ಲ ಗಾಡಿಗಳೂ ಮದುವೆಗಳಿಗೆ ಗೊತ್ತಾಗಿದ್ದವು. ಹಾಗಾದರೆ ಉಳಿದವನು ಯಾರು? ಈ ಪ್ರಶ್ನೆಗೆ ಉತ್ತರ ಹೊಳೆದಾಗ ನನಗೆ ಸಣ್ಣಗೆ ಬೆವರಿತು.

ಆ ಹೊತ್ತಿಗೆ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ವಸ್ತು ಹೊದಿಕೆ ಹೊದ್ದು ಕೂತಿತ್ತು. ರವಿ ಮಂಡ್ಯದಲ್ಲಿ ಕಾರ್ ರೇಸಿನ ಆಟದಂಗಡಿ ಇಟ್ಟಿದ್ದಾನೆ. ಪರದೆಯ ಮೇಲೆ ರಸ್ತೆ ಓಡುತ್ತದೆ, ಕೂತವರು ನಿಜದಂಥದೇ ಸ್ಟೇರಿಂಗು ತಿರುಗಿಸಿ, ಪೆಡಲು ತುಳಿದು ಕಾರು ಬಿಡುತ್ತಾರೆ. ಅಂಗಡಿ ಬೇರೆ ಕಟ್ಟಡಕ್ಕೆ ಬದಲಾಯಿಸುವಾಗ ಒಂದು ಜೊತೆ ಸಾಮಾನನ್ನು ನಮ್ಮಲ್ಲಿ ಇರಿಸಿ ಹೋಗಿದ್ದ. ನಿಜದ ಕಾರು ಮುಟ್ಟುವ ಮೊದಲು ಇದರಲ್ಲಿ ಕೈ ಪಳಗಿಸಿಕೊಳ್ಳೋಣವೆಂದು ಅವನನ್ನು ಕರೆಸಿ, ಹೊಲಿಗೆ ಯಂತ್ರದ ಮೇಜಿಗೆ ಸ್ಟೇರಿಂಗನ್ನು ಬಿಗಿಸಿಕೊಂಡೆ. ಮೇಜಿನಡಿ ಹೊಲಿಗೆ ಯಂತ್ರದ ತುಳಿಗೆಯೂ ಇದ್ದುದರಿಂದ ನಾನು ಬ್ರೇಕು ಒತ್ತಿದಾಗೆಲ್ಲ ಕಾರು ನಿಲ್ಲುವ ಬದಲು ಸೂಜಿ ಕುಣಿಯುತ್ತಿತ್ತು.

ಗುಂಡಿ ಒತ್ತಿದ ಕೂಡಲೇ ಆ ಚಕ್ರ ತಾನೇ ತಾನಾಗಿ ಎಡತುದಿಯವರೆಗೆ ತಿರುಗಿ, ಬಲತುದಿಯವರೆಗೆ ತಿರುಗಿ, ನಡುವಿಗೆ ಬಂದು ನಿಂತಿತು. ನಾನು ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದೆ.

“ಎದ್ರುಕಬೇಡಿ ಭಾವ. ಅದು ತನ್ ನಡೂನ ತಾನೇ ಹುಡಿಕ್ಕತದೆ, ಅಷ್ಟೇಯ,” ಎಂದ ರವಿ.

ಎಡದ ಅತಿಯನ್ನೂ ಬಲದ ಅತಿಯನ್ನೂ ಒಮ್ಮೆ ಮುಟ್ಟಿ ನೋಡಿ ಮಧ್ಯಬಿಂದುವನ್ನು ನಿಶ್ಚಯಿಸಿಕೊಳ್ಳುವ ಈ ವಿವೇಕ ಒಂದು ಪ್ಲಾಸ್ಟಿಕ್ ಚಕ್ರಕ್ಕೆ ಮೂರು ಕ್ಷಣದಲ್ಲಿ ಸಿದ್ಧಿಸುವುದಾದರೆ, ಐದು ದಶಕ ಕಳೆದ ನನ್ನ ಬಗ್ಗೆ ಏನು ಹೇಳುವುದು? ನೀವೂ ಏನೂ ಹೇಳದಿರುವುದೇ ಸೌಜನ್ಯ.

“ಮೊದ್ಲು ಸೆಟ್ಟಿಂಗ್ ಮಾಡ್ಕಳಿ. ಸ್ಟೇರಿಂಗು ಅವರವರ ಕೈಗೆ ತಕ್ಕಂಗಿರ್ಬೇಕು,” ಎಂದು ಹೇಳಿ ರವಿ ಹೊರಟುಹೋದ. ನನ್ನ ಅಧಃಪತನದ ಆರಂಭ ಆ ವಾಕ್ಯ.

ಯಾಕೆಂದರೆ ಆ ಪರದೆಯ ಒಂದು ಮೂಲೆಯಲ್ಲಿ ಸೆಟ್ಟಿಂಗುಗಳ ಒಂದು ಸಾಮ್ರಾಜ್ಯವೇ ಇತ್ತು. ಚಕ್ರ ಎಷ್ಟು ಡಿಗ್ರಿ ತಿರುಗಬೇಕು ಎಂಬುದನ್ನು ನಾವೇ ಗೊತ್ತುಮಾಡಬಹುದು. ಒಂಬೈನೂರು ಇಟ್ಟರೆ ತಿರುವಿನಲ್ಲಿ ರಾಗಿ ಬೀಸಿದಂತೆ ಸುತ್ತಬೇಕು. ಇನ್ನೂರೆಪ್ಪತ್ತು ಇಟ್ಟರೆ ಸೀನಿದರೂ ಕಾರು ಪಕ್ಕಕ್ಕೆ ಹಾರುತ್ತದೆ. ರಸ್ತೆಯ ಕುಲುಕಾಟ ಕೈಗೆ ಎಷ್ಟು ತಟ್ಟಬೇಕು ಎಂಬುದಕ್ಕೊಂದು ಅಳತೆ. ಅದನ್ನು ಪೂರ್ತಿ ಏರಿಸಿದ ದಿನ ನನ್ನ ಕನ್ನಡಕ ಮೂಗಿನಿಂದಿಳಿದು ಮಡಿಲಿಗೆ ಬಿತ್ತು; ಪೂರ್ತಿ ಇಳಿಸಿದ ದಿನ ಬೆಣ್ಣೆಯ ಮುದ್ದೆಯಲ್ಲಿ ಕೈಯಾಡಿಸಿದಂತಾಯಿತು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಡೆಡ್ ಝೋನ್ ಎಂಬ ಸೆಟ್ಟಿಂಗು. ಅಂದರೆ, ಚಕ್ರವನ್ನು ನಡುವಿನಿಂದ ಆಚೀಚೆ ಸ್ವಲ್ಪ ದೂರ ತಿರುಗಿಸಿದರೂ ಕಾರಿಗೆ ಅದು ತಿಳಿಯದಂತೆ ಬಿಟ್ಟಿರುವ ಜಾಗ. ನೀವು ಶ್ರಮಿಸುತ್ತಲೇ ಇರಬಹುದು, ಫಲ ಮಾತ್ರ ಏನೂ ಇಲ್ಲ. ಮೂವತ್ತು ವರ್ಷ ಕಡತಗಳ ನಡುವೆ ಬದುಕಿದ ನನಗೆ ಆ ಪ್ರದೇಶ ತವರೂರಿನಂತೆ ಕಂಡಿತು. ಅದನ್ನು ಎಷ್ಟು ಉದಾರವಾಗಿ ವಿಸ್ತರಿಸಿದೆನೆಂದರೆ, ಒಂದು ಸಂಜೆ ಪೂರಾ ನಾನು ಸ್ಟೇರಿಂಗು ತಿರುಗಿಸುತ್ತಿದ್ದೆ, ಕಾರು ತನ್ನ ಪಾಡಿಗೆ ಹುಲ್ಲಿನಲ್ಲಿ ಹೋಗುತ್ತಿತ್ತು.

ಹುಲ್ಲಿಗೆ ಹೋಗುವುದು ಮಾತ್ರ ಯಾವ ಸೆಟ್ಟಿಂಗಿನಲ್ಲೂ ತಪ್ಪಲಿಲ್ಲ. ಎಷ್ಟು ನೇರ ಹಿಡಿದರೂ ಕಾರು ಮೆಲ್ಲಗೆ ಎಡಕ್ಕೆ ಸರಿದು, ಡಾಂಬರು ಬಿಟ್ಟಿಳಿದು, ಹಸಿರು ಬಯಲಿನಲ್ಲಿ ಎರಡು ಗಾಲಿಯೂರಿ ಸಾಗುತ್ತಿತ್ತು. ನಾನು ನೋಟ್‌ಬುಕ್ಕೊಂದರಲ್ಲಿ ಪ್ರತಿಯೊಂದು ಪ್ರಯೋಗವನ್ನೂ ದಾಖಲಿಸಿದೆ. ಹತ್ತು ದಿನದಲ್ಲಿ ಹದಿನೇಳು ಬಗೆಯ ಹೊಂದಾಣಿಕೆ. ‘ಎಚ್ಚರ ಒಂದು’, ‘ಎಚ್ಚರ ಎರಡು’, ‘ಅತಿ ಎಚ್ಚರ’ ಎಂದು ಅವಕ್ಕೆ ಹೆಸರುಗಳನ್ನೂ ಇಟ್ಟೆ. ಸುಮಿತ್ರಾ ದಿಂಬಿನ ಮೇಲೆ ಕಾಲಿರಿಸಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು.

“ಅಲ್ಲಾ, ಹತ್ ದಿನದಿಂದ ನೋಡ್ತಾ ಇವ್ನಿ, ನೀವು ಓಡ್ಸಿದ್ದೆಷ್ಟು, ತಿರುಪಿದ್ದೆಷ್ಟು?” ಎಂದಳು.

“ಯಂತ್ರ ಎಡಕ್ಕೆ ಎಳೀತಿದೆ ಕಣೇ.”

“ಇನ್ನೇನ್ ಮತ್ತೆ. ಅದ್ರದ್ದೇ ತಪ್ಪಿರ್ಬೇಕು.”

ಹೆಂಡತಿ ಹೀಗೆ ತಕ್ಷಣ ಒಪ್ಪಿಕೊಂಡಾಗ ಸಂಶಯಪಡಬೇಕೆಂದು ಅನುಭವ ಹೇಳುತ್ತದೆ. ನಾನು ಸಂಶಯಪಟ್ಟದ್ದು ಯಂತ್ರದ ಮೇಲೆ. ಮರುದಿನ ಆ ಸ್ಟೇರಿಂಗನ್ನು ಬಿಚ್ಚಿ, ಹಳೆಯ ದುಪ್ಪಟಿಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟುಕೊಂಡು ಅಮ್ಜದನ ಗ್ಯಾರೇಜಿಗೆ ಹೋದೆ. ಅಮ್ಜದ್ ನಮ್ಮೂರ ಮೆಕ್ಯಾನಿಕ್. ಲಾರಿ, ಟ್ರ್ಯಾಕ್ಟರುಗಳ ಸ್ಟೇರಿಂಗು ರಿಪೇರಿಯಲ್ಲಿ ಸುತ್ತಲ ಹಳ್ಳಿಗಳವರೆಲ್ಲ ನಂಬುವ ಕೈ. ಆಟದ ಸಾಮಾನನ್ನು ಅಲೈನ್‌ಮೆಂಟಿಗೆ ತಂದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅಲ್ಲಿ ತಮ್ಮ ಟ್ರ್ಯಾಕ್ಟರು ಬಿಚ್ಚಿಸಿಕೊಂಡು ಕೂತಿದ್ದ ನಿಡಘಟ್ಟದ ರೈತರೊಬ್ಬರು ದುಪ್ಪಟಿ ಬಿಚ್ಚುವುದನ್ನೇ ನೋಡುತ್ತಿದ್ದರು.

“ಏನ್ಲಾ ಅಮ್ಜದು, ಬರೀ ಸ್ಟೇರಿಂಗ್ ತಂದವ್ರೆ. ಗಾಡಿ ಎಲ್ಲಿ?”

“ಹಿಂದ್ಗಡೆ ಬತ್ತಾ ಇರ್ಬೇಕು ಕಣಣ್ಣ,” ಎಂದ ಅಮ್ಜದ್, ತಲೆ ಎತ್ತದೆ.

ಆದರೂ ಅವನು ನನ್ನ ಸ್ಟೇರಿಂಗನ್ನು ಹಗುರವಾಗಿ ಕಾಣಲಿಲ್ಲ. ಕೈ ಒರೆಸಿಕೊಂಡು, ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಆಚೆಗೊಮ್ಮೆ ಈಚೆಗೊಮ್ಮೆ ಒಂದು ಕೂದಲೆಳೆಯಷ್ಟು ಅಲುಗಿಸಿದ. ನಾಡಿ ಹಿಡಿದ ವೈದ್ಯರ ಮುಂದೆ ಕೂತಂತೆ ನಾನು ಉಸಿರು ಬಿಗಿಹಿಡಿದೆ.

“ಇದ್ರಲ್ಲೇನೂ ಇಲ್ಲ ಸಾರ್. ಹೂವಿನಂಗದೆ,” ಎಂದ. “ನಾಳೆ ಬಾನುವಾರ, ಮನೆ ತಾವ್ಕೆ ಬತ್ತೀನಿ. ಓಡ್ಸೋವಾಗ ನೋಡ್ಬೇಕು.”

ಭಾನುವಾರ ಮಧ್ಯಾಹ್ನ ಬಂದ. ಸುಮಿತ್ರಾಳ ಕಾಲನ್ನು ವಿಚಾರಿಸಿಕೊಂಡು, ಟೀ ಕುಡಿದು, ಹೊಲಿಗೆ ಮೇಜಿನ ಮುಂದೆ ಕೂತ. ಬದುಕಿನಲ್ಲಿ ಮೊದಲ ಸಲ ಅಂಥದ್ದನ್ನು ಮುಟ್ಟಿದವನು, ನನ್ನ ‘ಅತಿ ಎಚ್ಚರ’ದ ಸೆಟ್ಟಿಂಗಿನಲ್ಲೇ, ಪರದೆಯ ರೇಸಿನ ದಾರಿಯನ್ನು ಒಂದು ಸುತ್ತು ಹೊಡೆದು ಬಂದ. ನಾಲ್ಕು ಗಾಲಿಯೂ ಡಾಂಬರಿನ ಮೇಲೆ. ಎಡಕ್ಕೆ ಎಳೆಯುವುದಿರಲಿ, ಆ ಕಡೆಗೆ ನೋಡಲೂ ಇಲ್ಲ ಕಾರು. ನನಗೆ ವಿಶ್ವಾಸದ್ರೋಹವಾದಂತಾಯಿತು.

“ಈಗ ನೀವ್ ಓಡ್ಸಿ ಸಾರ್.”

ಓಡಿಸಿದೆ. ಮೊದಲ ನೇರ ರಸ್ತೆಯಲ್ಲೇ ಕಾರು ಡಾಂಬರಿನಿಂದ ಇಳಿಯಿತು.

“ನಿಲ್ಸಿ,” ಎಂದ ಅಮ್ಜದ್. “ಯಾರಿಗ್ ಸಾರ್ ದಾರಿ ಬುಟ್ರಿ?”

“ಹಿಂದೆ ಬರ್ತಿದಾರಲ್ಲಪ್ಪ.”

“ರೇಸು ಸಾರ್ ಅದು. ಅವ್ರು ಹಿಂದೇನೇ ಇರ್ಲಿ ಅಂತ ತಾನೆ ಆಡೋದು?”

ಸುಮಿತ್ರಾ ಪ್ಲಾಸ್ಟರಿನ ಕಾಲು ಅಲುಗುವಷ್ಟು ನಕ್ಕಳು. ನಾನು ಪರದೆ ನೋಡಿದೆ. ಅಲ್ಲಿ ಎದುರಿನಿಂದ ಬರುವ ಒಂದೇ ಒಂದು ವಾಹನವಿರಲಿಲ್ಲ. ಆ ಲೋಕದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುವವರು. ಕಬ್ಬಿನ ಟ್ರ್ಯಾಕ್ಟರಿಲ್ಲ, ನಡುರಸ್ತೆಯ ಬಸ್ಸಿಲ್ಲ. ಆದರೂ ನಾನು ಹತ್ತು ದಿನ, ಹದಿನೇಳು ಸೆಟ್ಟಿಂಗುಗಳಲ್ಲಿ, ಬಾರದ ಟ್ರ್ಯಾಕ್ಟರಿಗೆ ದಾರಿ ಬಿಟ್ಟಿದ್ದೆ. ನಮ್ಮ ಕಡೆಯ ರಸ್ತೆಗಳ ಮರ್ಯಾದೆಯೇ ಅದು: ಎದುರಿಗೆ ಭಾರದ ಗಾಡಿ ಬಂತೋ, ಹಿಂದೆ ಹಾರ್ನು ಕೇಳಿತೋ, ಎಡದ ಗಾಲಿಗಳನ್ನು ಮಣ್ಣಿಗಿಳಿಸಿ ಸುಮ್ಮನೆ ಪಕ್ಕಕ್ಕಾಗಬೇಕು. ಸ್ಕೂಟರಿನಲ್ಲಿ ಮೂವತ್ತು ವರ್ಷ ನಾನು ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಯೋಚಿಸಿದರೆ, ಸ್ಕೂಟರಿನಲ್ಲಷ್ಟೇ ಅಲ್ಲ. ಬಡ್ತಿಯ ಸರದಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಟಿಕೆಟ್ಟಿನ ಕಿಟಕಿಯಲ್ಲಿ, ಬೆನ್ನ ಹಿಂದೆ ಯಾರೋ ಕೆಮ್ಮಿದರೂ ಸಾಕು, ನಾನು ಮಣ್ಣಿಗಿಳಿದವನೇ. ವಿನಯವೆಂದು ಹೆಸರಿಟ್ಟುಕೊಂಡಿದ್ದೆ. ಭಯವೆಂದು ಬರೆದರೆ ಕಾಗದ ಕೊಳೆಯಾಗುತ್ತದಲ್ಲ.

“ಸ್ಟೇರಿಂಗು ಎಳಿತಿಲ್ಲ ಸಾರ್, ನೀವ್ ಎಳಿತಿದೀರಾ. ಬೆಳಗೊತ್ತು ಸಂತೆಮಾಳಕ್ಕೆ ಬನ್ನಿ, ಕಾರ್ ತಕಂಡು,” ಎಂದು ಹೇಳಿ ಅಮ್ಜದ್ ಎದ್ದ.

ನಾಲ್ಕು ಬೆಳಗು ಅವನೇ ಬಂದು, ಪಕ್ಕದ ಸೀಟಿನಲ್ಲಿ ಕೂತು, ಖಾಲಿ ಸಂತೆಮಾಳದಲ್ಲಿ ನನ್ನಿಂದ ಕಾರು ಓಡಿಸಿದ. ನಾಲ್ಕನೆಯ ದಿನ ಮಳವಳ್ಳಿ ರಸ್ತೆಯಲ್ಲೂ ಒಂದಷ್ಟು ದೂರ ಹೋಗಿ ಬಂದೆವು. ನಮ್ಮದು ತಾನೇ ಗೇರು ಬದಲಿಸಿಕೊಳ್ಳುವ ಕಾರಾದ್ದರಿಂದ ಒಂದು ಕಷ್ಟ ಕಡಿಮೆ. “ಬತ್ತದೆ ಸಾರ್ ನಿಮ್ಗೆ. ಕೈಗೆ ಬಂದದೆ, ತಲೆಗೆ ಬರ್ಬೇಕು,” ಎಂದ ಕೊನೆಗೆ. ಸಂಜೆ ಮಾತ್ರ ಮನೆಯಲ್ಲಿ ಆಟದ ಚಕ್ರ. ಸೆಟ್ಟಿಂಗುಗಳನ್ನು ಮುಟ್ಟಕೂಡದೆಂದು ಸುಮಿತ್ರಾ ಆಜ್ಞೆ ಮಾಡಿದ್ದಳು. ಮುಟ್ಟದೆ ಓಡಿಸಿದ ಮೊದಲ ಸಂಜೆ, ಬೇರೇನೂ ಮಾಡಲು ತೋಚದೆ, ನಾನು ರಸ್ತೆ ನೋಡಿದೆ. ಮೂರನೆಯ ಸಂಜೆ ಒಂದು ಪೂರ್ತಿ ಸುತ್ತು ಡಾಂಬರಿನ ಮೇಲೇ ಇದ್ದೆ. ಕೊನೆಯವನಾಗಿ ಬಂದೆ, ಆದರೆ ಡಾಂಬರಿನ ಮೇಲೆ ಬಂದೆ.

ಪಂದ್ಯದ ದಿನ ಎಂಟೂವರೆಗೆ ರವಿಯ ಫೋನು ಬಂತು. ಬೆಳಗಿನ ಧಾರೆಗೆಂದು ನಿಡಘಟ್ಟದ ಹತ್ತಿರದ ಛತ್ರವೊಂದಕ್ಕೆ ಹೋಗಿದ್ದಾನೆ. ಅವನ ಕಾರಿನ ಹಿಂದೆ ನೆಂಟರ ಕಾರುಗಳು ಬಂದು ನಿಂತಿವೆ.

“ಹಿಂದ್ಗಡೆ ಮೂವತ್ ಗಾಡಿ ನಿಂತವೆ ಭಾವ, ಒಬ್ಬನ್ ಕೀಲೀನೂ ಸಿಗ್ತಿಲ್ಲ. ಎಲ್ಲ ತಿಂಡಿಗ್ ಕೂತವ್ರೆ. ಏನ್ ಮಾಡನ ಹೇಳಿ?”

ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಒಂದು ಚಿಂತೆ ನಿಜವಾಗಿತ್ತು. ವಿಜಯದ ಒಂದು ಎಳೆಯೂ ಮನಸ್ಸಿನಲ್ಲಿ ಮೂಡಲಿಲ್ಲ, ಬಸರಾಳಿನ ಮೆದೆ ಕಣ್ಣ ಮುಂದೆ ಮತ್ತೊಮ್ಮೆ ಕವುಚಿಕೊಂಡಿತು. ಲಕೋಟೆ ತೆಗೆದು ಇಪ್ಪತ್ತೆರಡನ್ನೂ ಓದಿದೆ. ಸುಮಿತ್ರಾ ಸೀರೆಯುಟ್ಟು, ಸೀಟಿ ಹಾಕಿಕೊಂಡು, ಊರುಗೋಲು ಹಿಡಿದು ಹೊಸಿಲಲ್ಲಿ ನಿಂತಿದ್ದಳು. ನಾನು ಕುರ್ಚಿಯಲ್ಲೇ ಇದ್ದೆ.

ಖೋ ಖೋ ಆಟ ನೀವು ನೋಡಿರುತ್ತೀರಿ. ಅಟ್ಟುವ ತಂಡದವರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಬೆನ್ನ ಮೇಲೆ ಕೈ ಬಿದ್ದು ಖೋ ಎಂಬ ಕೂಗು ಕೇಳುವವರೆಗೆ ಏಳುವಂತಿಲ್ಲ. ಕೇಳಿದ ಮೇಲೆ ಕೂತಿರುವಂತಿಲ್ಲ. ಎದ್ದು ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವ ತನಕ ಹಿಂದಿರುಗುವಂತಿಲ್ಲ. ಸುಮಿತ್ರಾ ಊರುಗೋಲು ಕುಟ್ಟಿಕೊಂಡು ನನ್ನ ಕುರ್ಚಿಯ ಹಿಂದೆ ಬಂದಳು. ಬೈಯುತ್ತಾಳೆಂದುಕೊಂಡೆ. ನನ್ನ ಬೆನ್ನಿನ ಮೇಲೆ ಅಂಗೈಯಿಟ್ಟು, ಶಾಲೆಯ ಹುಡುಗಿಗೆ ಹೇಳುವಷ್ಟೇ ಸಹಜವಾಗಿ, “ಖೋ,” ಎಂದಳು.

ಎದ್ದೆ.

ಎಡಗಂಬವೂ ಬಲಗಂಬವೂ ತಮ್ಮತಮ್ಮ ಜಾಗದಲ್ಲಿ ಉಳಿದವು. ಹಸು ಇತ್ತು, ನನ್ನತ್ತ ನೋಡಿ ಬೇರೆ ಕೆಲಸ ನೆನಪಾದಂತೆ ಎದ್ದುಹೋಯಿತು. ಕಬ್ಬಿನ ಟ್ರ್ಯಾಕ್ಟರು ಎದುರಾದವು, ಒಂದಲ್ಲ, ಐದು. ಐದಕ್ಕೂ ಎಡಕ್ಕಿಳಿದು ದಾರಿ ಬಿಟ್ಟೆ, ಮತ್ತೆ ಡಾಂಬರಿಗೆ ಹತ್ತಿದೆ. ಇಳಿಯುವುದು ನನಗೆ ಮೊದಲೇ ಬರುತ್ತಿತ್ತು. ಹತ್ತುವುದೇ ಹೊಸತು. ಹುರುಳಿಯ ಸೊಪ್ಪಿನ ಮೇಲೆ ಕಾರು ಸರಸರನೆ ಹಾಯಿತು. ದೊಡ್ಡಿಯ ಹತ್ತಿರ ಬಸ್ಸು ನಿಂತಿತು, ನಾನೂ ನಿಂತೆ. ಪಕ್ಕದ ಸೀಟಿನಲ್ಲಿ ಸುಮಿತ್ರಾ ಕಾಲು ಚಾಚಿಕೊಂಡು, ನಾನು ತೂತು ಮಾಡಿದ್ದ ಕಾಲೊರಸನ್ನು ನೋಡುತ್ತಾ ಕೂತಿದ್ದಳು. ಒಂಬತ್ತು ಐವತ್ತಕ್ಕೆ ಮಳವಳ್ಳಿಯ ಮೈದಾನದಲ್ಲಿ ಬೇವಿನ ಮರದಡಿ ಕಾರು ನಿಲ್ಲಿಸಿದೆ. ಹುಡುಗಿಯರು ಓಡಿಬಂದು ಮುತ್ತಿಕೊಂಡರು.

“ಮಿಸ್, ಮದ್ದೂರಲ್ ಮಳೇನಾ?” ಎಂದಳು ಒಬ್ಬಳು.

“ಊಂ ಕಣ್ರೇ, ಬಾರಿ ಮಳೆ,” ಎಂದು ಸುಮಿತ್ರಾ ಪಟ್ಟಿಗೆ ಸಹಿ ಹಾಕಿದಳು.

ನಡೆದದ್ದಿಷ್ಟು. ಆಟದ ಸ್ಟೇರಿಂಗಿನಲ್ಲಿ ತಿರುವು ಬಂದಾಗ ಎಡಬೆರಳಿನಿಂದ ಒಂದು ಕಡ್ಡಿ ಒತ್ತಿ ಗೇರು ಇಳಿಸುವುದು ನನಗೆ ರೂಢಿಯಾಗಿತ್ತು. ಮದ್ದೂರು ದಾಟಿದ ಮೊದಲ ತಿರುವಿನಲ್ಲೇ, ಗೇರು ಇಳಿಸುವ ಅಗತ್ಯವೇ ಇಲ್ಲದ ಕಾರಿನಲ್ಲಿ, ಎಡಬೆರಳು ತನ್ನ ಕರ್ತವ್ಯ ನೆರವೇರಿಸಿತು. ಅಲ್ಲಿದ್ದದ್ದು ವೈಪರಿನ ಕಡ್ಡಿ. ಮೋಡದ ಚೂರೂ ಇಲ್ಲದ ಆಕಾಶದ ಕೆಳಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಎರಡು ವೈಪರುಗಳು ಒಣಗಾಜನ್ನು ಕಿರ್ ಕಿರ್ ಎಂದು ಒರೆಸತೊಡಗಿದವು. ನಾನು ಗಮನಿಸಲಿಲ್ಲವೆಂದಲ್ಲ. ಒಂದನ್ನು ಸರಿಪಡಿಸಲು ಹೋದ ಕೈ ಇನ್ನೊಂದನ್ನು ಕೆಡಿಸುತ್ತದೆಂದು ಹದಿನೇಳು ಸೆಟ್ಟಿಂಗುಗಳು ಕಲಿಸಿದ್ದವು, ಮುಟ್ಟಲಿಲ್ಲ. ಎದುರಿನಿಂದ ಬಂದವರೆಲ್ಲ ಅಂಗೈಯನ್ನು ಆಚೀಚೆ ಆಡಿಸಿ ಸನ್ನೆ ಮಾಡಿದರು. ನಾನು ಒಬ್ಬೊಬ್ಬರಿಗೂ ಗಂಭೀರವಾಗಿ ತಲೆಬಾಗಿಸಿ ವಂದಿಸಿದೆ.

ಹುಡುಗಿಯರು ಎರಡು ಅಂಕದಿಂದ ಗೆದ್ದರು. ಹಿಂದಿರುಗುವಾಗ ಸುಮಿತ್ರಾಳನ್ನು ಕೇಳಿದೆ, ನಿನಗೆ ಕಾಣಿಸಿತ್ತಾ ಎಂದು.

“ಕಾಣ್ದೆ ಏನು? ಮೊದ್ಲಿಂದ್ಲೂ ನೋಡ್ತಿದ್ದೆ. ಹೇಳಿದ್ರೆ ಗಾಡಿ ನಿಲ್ಸಿ ಸೆಟ್ಟಿಂಗ್ ನೋಡ್ತಾ ಕೂತಿರೋರು ನೀವು. ಅಲ್ಲಿ ಮ್ಯಾಚೇ ಮುಗ್ದೋಗಿರೋದು.”

ಮನೆಗೆ ಬಂದು ಲಕೋಟೆ ತೆಗೆದೆ. ಒಂದರಿಂದ ಇಪ್ಪತ್ತೊಂದರವರೆಗೆ ಉದ್ದಕ್ಕೆ ಒಂದು ಗೆರೆ ಎಳೆದು ಹೊಡೆದುಹಾಕಿದೆ. ‘ಬೇರೆ ಏನಾದರೂ ಆಗಬಹುದು’ ಎಂದಿದ್ದ ಇಪ್ಪತ್ತೆರಡರ ಮುಂದೆ ಸ್ವಲ್ಪ ಜಾಗವಿತ್ತು. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: ಬಿಸಿಲಿಗೆ ವೈಪರು ಆಡಿತು.